ಶ್ವಾಸರೋಗದಲ್ಲಿ ಶುಶ್ರೂಷೆಯ ಸ್ಥಾನ

ಚರಕಸಂಹಿತೆಯು ರೋಗಗಳನ್ನು ಸಾಧ್ಯ, ಅಸಾಧ್ಯ ಎಂದು ವಿಂಗಡಿಸಿ ಅಷ್ಟಕ್ಕೇ ಕೈತೊಳೆದುಕೊಳ್ಳುವುದಿಲ್ಲ. ಅಸಾಧ್ಯವಾದುವುಗಳಲ್ಲಿಯೂ ವೈದ್ಯನು ಕೈಬಿಡಬೇಕಾದವು ಕೆಲವು, ಬೇರುಸಹಿತ ಕಿತ್ತೊಗೆಯಲಾಗದಿದ್ದರೂ ಪಥ್ಯೋಪಚಾರಗಳಿಂದ ಆಯುಷ್ಯವಿರುವಷ್ಟು ಕಾಲ ಹತೋಟಿಯಲ್ಲಿಟ್ಟುಕೊಂಡು ಬಾಳಬಹುದಾದವು ಕೆಲವು ಎಂದು ಮತ್ತೊಂದು ಭೇದವನ್ನು ಹೇಳಿ, ಈ ಎರಡನೆಯ ವರ್ಗವನ್ನು ಯಾಪ್ಯವೆಂದು ಕರೆಯುತ್ತದೆ. ಹಳತಾದ ತಮಕಶ್ವಾಸವನ್ನು ಅದು ಸೇರಿಸಿರುವುದು ಈ ಯಾಪ್ಯವರ್ಗದಲ್ಲಿಯೇ. ಮಲಗಿದರೆ ಶ್ವಾಸ ಪೀಡಿಸುತ್ತದೆ, ಕುಳಿತರೆ ಸುಖವೆನಿಸುತ್ತದೆ, ಬೆಚ್ಚಗಿನದು ಹಿತವಾಗುತ್ತದೆ ಎಂದು ಆ ರೋಗಿಯ ಅವಸ್ಥೆಯನ್ನು ಅದು ವರ್ಣಿಸುವ ರೀತಿಯನ್ನು ನೋಡಿದರೆ, ಬರೆದವರು ರೋಗಿಯ ಮಗ್ಗುಲಲ್ಲಿ ರಾತ್ರಿಗಳನ್ನು ಕಳೆದವರೇ ಇರಬೇಕೆಂದು ತೋರುತ್ತದೆ. ಆ ಹಳೆಯ ಶ್ವಾಸವೂ ಇಂದು ನಾವು ಸಿ.ಒ.ಪಿ.ಡಿ. ಎನ್ನುವ ದೀರ್ಘಕಾಲಿಕ ಶ್ವಾಸಾವರೋಧವೂ ಒಂದೇ ಎಂದು ಸಾಧಿಸುವುದು ನನ್ನ ಉದ್ದೇಶವಲ್ಲ. ನನಗೆ ಬೇಕಾದುದು ಆ ವರ್ಗೀಕರಣದ ಹಿಂದಿರುವ ವಿವೇಕ. ಗುಣವಾಗುವ ರೋಗದಲ್ಲಿ ಶುಶ್ರೂಷೆಯು ಔಷಧಕ್ಕೆ ಸಹಾಯಕವಾಗಿ ನಿಲ್ಲುತ್ತದೆ. ಗುಣವಾಗದೆ, ಹಾಗೆಂದು ಕೊಲ್ಲುವುದಕ್ಕೂ ಅವಸರಪಡದೆ, ವರ್ಷಾನುಗಟ್ಟಲೆ ಮನುಷ್ಯನ ಜೊತೆಗೇ ಬಾಳುವ ರೋಗದಲ್ಲಿ ಶುಶ್ರೂಷೆಯೇ ಚಿಕಿತ್ಸೆಯಾಗಿ, ಔಷಧವು ಅದರ ಒಂದು ಅಂಗವಾಗುತ್ತದೆ. ನಮ್ಮ ಆಸ್ಪತ್ರೆಗಳೂ, ಅವುಗಳಿಂದ ನಾವು ನಿರೀಕ್ಷಿಸುವ ರೀತಿಯೂ ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡಿವೆ ಎಂಬುದು ನನ್ನ ದೂರು.

ಹೀಗಾದುದಕ್ಕೆ ಒಂದು ಚರಿತ್ರೆಯುಂಟು. ಅದು ನಾಚಿಕೆಪಡಬೇಕಾದ ಚರಿತ್ರೆಯೇನೂ ಅಲ್ಲ. ಸ್ಟ್ರೆಪ್ಟೊಮೈಸಿನ್ ಮೊದಲಾದ ಔಷಧಗಳು ಬರುವುದಕ್ಕೆ ಮುಂಚೆ ಕ್ಷಯರೋಗಿಗೆ ಸ್ಯಾನಟೋರಿಯಂ ಒಂದೇ ಗತಿಯಾಗಿತ್ತು. ಮೈಸೂರಿನ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಂ, ಮದನಪಲ್ಲಿಯ ಆರೋಗ್ಯವರಂ ಮೊದಲಾದ ಕಡೆಗಳಲ್ಲಿ ಊರಿನ ಗದ್ದಲದಿಂದ ದೂರವಾದ ಗಾಳಿ, ಪುಷ್ಟಿಯಾದ ಆಹಾರ, ತಿಂಗಳುಗಟ್ಟಲೆಯ ವಿಶ್ರಾಂತಿ, ಇವೆಲ್ಲವನ್ನೂ ಕಣ್ಣಲ್ಲಿ ಕಣ್ಣಿಟ್ಟು ನಡೆಸುವ ದಾದಿಯರು, ಇಷ್ಟೇ ಚಿಕಿತ್ಸೆಯ ಬಹುಭಾಗವಾಗಿತ್ತು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಒಂದು ಪ್ರಯೋಗವು ಈ ನಂಬಿಕೆಯನ್ನು ಅಲುಗಾಡಿಸಿತು. ಬಡ ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದನ್ನು ಸ್ಯಾನಟೋರಿಯಮ್ಮಿನಲ್ಲಿಟ್ಟು, ಇನ್ನೊಂದನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲಿಯೇ ಬಿಟ್ಟು, ಇಬ್ಬರಿಗೂ ಅದೇ ಔಷಧವನ್ನು ಒಂದು ವರ್ಷ ಕೊಟ್ಟು ನೋಡಿದಾಗ, ಒಳ್ಳೆಯ ಊಟವೂ ವಿಶ್ರಾಂತಿಯೂ ಶುಶ್ರೂಷೆಯೂ ದೊರೆತವರಿಗಿಂತ ಅವು ದೊರೆಯದವರು ಹೆಚ್ಚುಕಡಿಮೆ ಯಾವ ವಿಧದಲ್ಲಿಯೂ ಹಿಂದೆ ಬೀಳಲಿಲ್ಲವೆಂಬುದು 1959ರಲ್ಲಿ ಪ್ರಕಟವಾಯಿತು. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾದುದೂ ಅದೇ ವರ್ಷ. ಲಕ್ಷಾಂತರ ಬಡಜನರಿಗೆ ಹಾಸಿಗೆಗಾಗಿ ಕಾಯದೆ ಬದುಕುವ ದಾರಿಯನ್ನು ತೆರೆದ ಆ ಶೋಧನೆಯನ್ನು ಹಗುರವಾಗಿ ಕಾಣುವವನು ಕೃತಘ್ನನೇ ಸರಿ. ಆದರೆ ಒಂದು ರೋಗದ ವಿಷಯದಲ್ಲಿ ಕಷ್ಟಪಟ್ಟು ಕಲಿತ ಪಾಠವು ಬೇರೆ ರೋಗಗಳ ವಾರ್ಡುಗಳಿಗೂ ಸದ್ದಿಲ್ಲದೆ ಹಬ್ಬಿತೆಂದು ನನ್ನ ಅಭಿಪ್ರಾಯ. ಗುಳಿಗೆಯೇ ಮುಖ್ಯ, ಉಳಿದದ್ದೆಲ್ಲ ಉಪಚಾರ ಎಂಬ ಮನೋಭಾವಕ್ಕೆ ಕ್ಷಯದಲ್ಲಿ ಆಧಾರವಿತ್ತು, ಏಕೆಂದರೆ ಅಲ್ಲಿ ಕ್ರಿಮಿಯನ್ನು ಕೊಲ್ಲುವ ಗುಳಿಗೆ ಇತ್ತು. ಶಿಥಿಲವಾದ ಶ್ವಾಸಕೋಶವನ್ನು ಮತ್ತೆ ಕಟ್ಟುವ ಗುಳಿಗೆ ಇನ್ನೂ ಹುಟ್ಟಿಲ್ಲ. ಭಾರತದಲ್ಲಿ 2016ರ ಮರಣಕಾರಣಗಳ ಅಂದಾಜಿನಲ್ಲಿ ಹೃದ್ರೋಗದ ನಂತರದ ಸ್ಥಾನ ಸಿ.ಒ.ಪಿ.ಡಿ.ಗೇ ಬಂದಿದೆ ಎಂಬುದನ್ನು ನೆನೆದರೆ, ಆ ಮನೋಭಾವಕ್ಕೆ ನಾವು ತೆರುತ್ತಿರುವ ಬೆಲೆ ಅಲ್ಪವಾದುದಲ್ಲ.

ಈ ರೋಗದ ಮರ್ಮವನ್ನು ತಿಳಿಯದೆ ಇದರ ಶುಶ್ರೂಷೆಯ ಮರ್ಮವು ತಿಳಿಯದು. ದಮ್ಮಿನಿಂದ ಏದುವವನನ್ನು ಕಂಡ ಯಾರಿಗಾದರೂ, ಅವನಿಗೆ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳಲು ಆಗುತ್ತಿಲ್ಲವೆಂದೇ ಅನ್ನಿಸುತ್ತದೆ. ಅವನಿಗೂ ಹಾಗೆಯೇ ಅನ್ನಿಸುತ್ತದೆ. ವಾಸ್ತವವು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಬಹುಕಾಲದ ಹೊಗೆಯಿಂದ ಶ್ವಾಸನಾಳಗಳು ಊದಿಕೊಂಡು ಕಫದಿಂದ ಕಟ್ಟಿ, ಗಾಳಿಗೂಡುಗಳ ಗೋಡೆಗಳು ನಶಿಸಿ, ಹಿಗ್ಗಿದ ಶ್ವಾಸಕೋಶವು ತಾನಾಗಿ ಕುಗ್ಗುವ ಶಕ್ತಿಯನ್ನು ಕಳೆದುಕೊಂಡಿರುವುದರಿಂದ, ಉಸಿರನ್ನು ಬಿಡುವಾಗ ಸಣ್ಣ ನಾಳಗಳು ಮುಚ್ಚಿಕೊಂಡು ಒಳಗಿನ ಗಾಳಿ ಒಳಗೇ ಸೆರೆಯಾಗುತ್ತದೆ. ಅದು ಹೊರಬೀಳುವುದಕ್ಕೆ ಮುಂಚೆಯೇ ಗಾಬರಿಯಿಂದ ಇನ್ನೊಂದು ಉಸಿರನ್ನು ಎಳೆದುಕೊಂಡರೆ ತುಂಬಿದ ಎದೆ ಮತ್ತಷ್ಟು ತುಂಬಿ, ವಪೆಯು ಚಪ್ಪಟೆಯಾಗಿ, ಮುಂದಿನ ಉಸಿರು ಮತ್ತಷ್ಟು ಕಷ್ಟವಾಗುತ್ತದೆ. ಆದುದರಿಂದ ಈ ರೋಗಿಗೆ ಕಲಿಸಬೇಕಾದ ವಿದ್ಯೆ ಉಸಿರನ್ನು ಬಿಡುವ ವಿದ್ಯೆ. ಮೂಗಿನಿಂದ ಮೆಲ್ಲಗೆ ಎಳೆದುಕೊಂಡು, ತುಟಿಗಳನ್ನು ಕಿರಿದುಮಾಡಿ, ಎಳೆದುಕೊಂಡುದರ ಇಮ್ಮಡಿ ಕಾಲ ನಿಧಾನವಾಗಿ ಊದುತ್ತ ಬಿಟ್ಟರೆ, ತುಟಿಯಲ್ಲಿ ಉಂಟಾದ ಅಡ್ಡಿಯಿಂದ ಒಳಗಿನ ಒತ್ತಡವು ಉಳಿದುಕೊಂಡು ನಾಳಗಳು ಮುಚ್ಚಿಕೊಳ್ಳದೆ ತೆರೆದಿರುತ್ತವೆ. ಕಾಸಿನ ಖರ್ಚಿಲ್ಲದ, ಆದರೆ ಕಲಿಸುವವರಿಲ್ಲದೆ ಬಾರದ ವಿದ್ಯೆ ಇದು. ಕರಪತ್ರವನ್ನು ಕೊಟ್ಟು ಓದಿಕೊಳ್ಳಿ ಎಂದರೆ ಬರುವುದಿಲ್ಲ; ಉಸಿರು ಕಟ್ಟಿದವನಿಗೆ ಮಾತಿನ ಉಪದೇಶವೂ ಕಿವಿಗೆ ಬೀಳುವುದಿಲ್ಲ.

ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಈ ವಿದ್ಯೆಯನ್ನು ಕಲಿಸುವುದನ್ನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಮಂಚದ ಮೇಲೆ ಕಾಲು ಇಳಿಬಿಟ್ಟು, ಅಂಗೈಗಳನ್ನು ಮಂಡಿಯ ಮೇಲೆ ಊರಿ, ಭುಜಗಳನ್ನು ಕಿವಿಯವರೆಗೆ ಎತ್ತಿಕೊಂಡು ಕುಳಿತಿದ್ದ ಮುದುಕಿಯೊಬ್ಬಳು ಮೂರು ಮಾತಿಗೊಮ್ಮೆ ನಿಂತು ಉಸಿರೆಳೆಯುತ್ತ, "ಆಗಲ್ಲ ಸಿಸ್ಟರಮ್ಮ, ಮೇಲೆ ಹತ್ತಿಬಿಟ್ಟದೆ, ಇಂಜೆಕ್ಷನ್ ಹಾಕಿ" ಎನ್ನುತ್ತಿದ್ದಳು. ಚುಚ್ಚುಮದ್ದು ಆಗಲೇ ಆಗಿತ್ತು. ನರ್ಸು ಊಟದ ಸ್ಟೂಲನ್ನು ಮುಂದಕ್ಕೆ ಎಳೆದು, ಅದರ ಮೇಲೆ ಎರಡು ದಿಂಬುಗಳನ್ನಿಟ್ಟು, ಮುದುಕಿಯ ಮೊಣಕೈಗಳನ್ನು ಅವುಗಳ ಮೇಲೆ ಊರಿಸಿ, ತಾನೂ ಎದುರಿಗೆ ಕುಳಿತು, "ಅಜ್ಜಿ, ಊದುಗೊಳವೆಲಿ ಒಲೆ ಊದ್ತಿದ್ರಲ್ಲ, ಹಂಗೆ ಊದಿ. ಜೋರಾಗಿ ಬೇಡ, ಬೂದಿ ಹಾರಬಾರದು" ಎಂದಳು. ಮುದುಕಿಯ ತುಟಿ ತಾನಾಗಿ ಗುಂಡಗಾಯಿತು. ಹತ್ತು ನಿಮಿಷದ ಹೊತ್ತಿಗೆ ಅವಳ ಭುಜಗಳು ಇಳಿದಿದ್ದವು. ಯಾವ ಒಲೆಯ ಮುಂದೆ ಐವತ್ತು ವರ್ಷ ಊದಿ ಊದಿ ಅವಳು ಎದೆಯನ್ನು ಕೆಡಿಸಿಕೊಂಡಿದ್ದಳೋ ಆ ಒಲೆಯ ನೆನಪಿನಿಂದಲೇ ಆಕೆ ಅವಳಿಗೆ ಉಸಿರನ್ನು ಮರಳಿಸಿದ ಆ ಜಾಣ್ಮೆಯು ಯಾವ ಪಠ್ಯಪುಸ್ತಕದಲ್ಲಿಯೂ ಇರಲಾರದು. ಅಂದಿನ ಕೇಸ್‌ಶೀಟಿನಲ್ಲಿಯೂ ಅದು ಇರಲಿಲ್ಲ. ಅಲ್ಲಿ ಇದ್ದುದು ಚುಚ್ಚುಮದ್ದಿನ ಹೆಸರು, ನೆಬ್ಯುಲೈಸರಿನ ವೇಳೆ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಕೂರಿಸುವುದು, ದಿಂಬು ಕೊಡುವುದು, ಧೈರ್ಯ ಹೇಳುವುದು, ಇವು ಮನೆಯವರೂ ಮಾಡಬಹುದಾದ ಕೆಲಸಗಳಲ್ಲವೆ? ನಮ್ಮ ದೇಶದಲ್ಲಿ ರೋಗಿಯ ಜೊತೆಗೆ ಹೆಂಡತಿಯೋ ಸೊಸೆಯೋ ಮಗನೋ ಇದ್ದೇ ಇರುತ್ತಾರೆ. ಪ್ರೀತಿಯಿಂದ ಮಾಡುವ ಅವರ ಸೇವೆಗೆ ಸಂಬಳದ ಸೇವೆ ಸಮನಾದೀತೆ? ಈ ಮಾತಿನಲ್ಲಿ ಸತ್ಯಾಂಶವಿದೆ. ನಮ್ಮ ಆಸ್ಪತ್ರೆಗಳು ಉಸಿರಾಡುತ್ತಿರುವುದೇ ಈ ಜೊತೆಗಾರರಿಂದ. ಆದರೆ ಚರಕನು ಪರಿಚಾರಕನಿಗೆ ಹೇಳಿದ ನಾಲ್ಕು ಗುಣಗಳಲ್ಲಿ ಅನುರಾಗವು ಒಂದೇ ಒಂದು. ಉಪಚಾರದ ಅರಿವು, ದಕ್ಷತೆ, ಶುಚಿತ್ವ ಇವು ಉಳಿದ ಮೂರು. ಅರಿವಿಲ್ಲದ ಅನುರಾಗವು ಈ ರೋಗದಲ್ಲಿ ಎಷ್ಟು ಅಪಾಯಕಾರಿಯಾಗಬಲ್ಲದೆಂಬುದಕ್ಕೆ ಆಮ್ಲಜನಕದ ಉದಾಹರಣೆಯೊಂದೇ ಸಾಕು.

ರಾತ್ರಿ ಎರಡು ಗಂಟೆಗೆ ತಂದೆ ಏದುವುದನ್ನು ನೋಡಲಾರದ ಮಗ ಫ್ಲೋಮೀಟರಿನ ತಿರುಪನ್ನು ತಿರುಗಿಸಿ ಗುಂಡನ್ನು ಎರಡರಿಂದ ಎಂಟಕ್ಕೆ ಏರಿಸುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಏದುಸಿರು ಶಾಂತವಾಗುತ್ತದೆ, ಕೈಗಳು ಬೆಚ್ಚಗಾಗುತ್ತವೆ, ತಂದೆ ಕಣ್ಣು ಮುಚ್ಚುತ್ತಾನೆ. ನಾಲ್ಕು ರಾತ್ರಿಗಳಿಂದ ನಿದ್ದೆಯಿಲ್ಲದವರು ಈಗ ಮಲಗಿದರೆಂದು ಮನೆಯವರು ಸಮಾಧಾನಪಡುತ್ತಾರೆ. ಅದು ನಿದ್ದೆಯಲ್ಲದೆ, ಹೊರಬೀಳದೆ ರಕ್ತದಲ್ಲಿ ಏರುತ್ತಿರುವ ಇಂಗಾಲಾಮ್ಲದ ಮಂಪರಾಗಿರಬಹುದೆಂಬುದನ್ನು ತಿಳಿದವಳು ದಾದಿ. ಕೂಗಿದರೆ ಸರಿಯಾಗಿ ಓಗೊಡುತ್ತಾನೆಯೆ, ಚಾಚಿದ ಕೈ ಅದುರುತ್ತದೆಯೆ, ಬೆಳಿಗ್ಗೆ ತಲೆನೋವೆನ್ನುತ್ತಾನೆಯೆ ಎಂದು ವಿಚಾರಿಸುವವಳು ಅವಳು. ಬೆರಳಿನ ಯಂತ್ರದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಕಂಡರೆ ಎಲ್ಲರೂ ಸಂತೋಷಪಡುವಾಗ ಗಾಬರಿಯಾಗುವವಳೂ ಅವಳೇ. ಈ ಬಗೆಯ ರೋಗಿಗಳಲ್ಲಿ ಆಮ್ಲಜನಕದ ಪ್ರಮಾಣವನ್ನು 88ರಿಂದ 92ರ ನಡುವೆ ನಿಲ್ಲಿಸಬೇಕೆಂಬುದು ಇಂದಿನ ನಿಯಮ. 2010ರಲ್ಲಿ ಪ್ರಕಟವಾದ ಟಾಸ್ಮೇನಿಯಾದ ಅಧ್ಯಯನವೊಂದರಲ್ಲಿ, ಆ್ಯಂಬುಲೆನ್ಸಿನಲ್ಲಿಯೇ ಹೀಗೆ ಅಳೆದು ಆಮ್ಲಜನಕ ಕೊಟ್ಟಾಗ ಈ ರೋಗ ಖಚಿತವಾಗಿದ್ದವರಲ್ಲಿ ನೂರಕ್ಕೆ 2 ಮಂದಿಯೂ, ಅಳೆಯದೆ ಧಾರಾಳವಾಗಿ ಕೊಟ್ಟಾಗ 9 ಮಂದಿಯೂ ಮೃತರಾದರು. ಅದೇ ಅನಿಲ, ಅದೇ ಸಿಲಿಂಡರು. ವ್ಯತ್ಯಾಸವಿದ್ದುದು ತಿರುಪಿನ ಮೇಲಿದ್ದ ಕೈಯ ಅರಿವಿನಲ್ಲಿ. "ಒಂದು ನಿದ್ದೆ ಮಾತ್ರೆ ಕೊಡಿ ಸಿಸ್ಟರ್, ಪಾಪ" ಎಂಬ ಬೇಡಿಕೆಯನ್ನು ತಿರಸ್ಕರಿಸುವುದೂ ಇದೇ ಅರಿವು. ಆ ನಿರಾಕರಣೆಗಾಗಿ ಕಲ್ಲುಮನಸ್ಸಿನವಳೆಂಬ ಬೈಗುಳವನ್ನು ತಿನ್ನುವವಳು ಅವಳೇ.

ಮನೆಗೆ ಹೋದ ಮೇಲೆ ಇದೇ ಅನಿಲದ ಸಮಸ್ಯೆ ತಿರುಗುಮುರುಗಾಗುತ್ತದೆ. ರಕ್ತದಲ್ಲಿ ಆಮ್ಲಜನಕವು ಸದಾ ತೀರ ಕಡಿಮೆಯಿರುವವರು ದಿನಕ್ಕೆ 15 ಗಂಟೆಗೆ ಕಡಿಮೆಯಿಲ್ಲದಂತೆ ಅದನ್ನು ತೆಗೆದುಕೊಂಡರೆ ಹೆಚ್ಚು ಕಾಲ ಬದುಕುತ್ತಾರೆಂಬುದು 1980 ಮತ್ತು 1981ರಲ್ಲಿ ಅಮೆರಿಕ, ಬ್ರಿಟನ್‌ಗಳಲ್ಲಿ ಪ್ರಕಟವಾದ ಎರಡು ಪ್ರಯೋಗಗಳಿಂದ ಸ್ಥಿರಪಟ್ಟಿತು. ಆದರೆ ಸಾಲ ಮಾಡಿ ಕಾನ್ಸಂಟ್ರೇಟರ್ ತಂದ ಮನೆಯಲ್ಲಿ ಅದು ಓಡುವುದು ಆಯಾಸವಾದಾಗ ಮಾತ್ರ. ಮಿಕ್ಕ ಹೊತ್ತು ಕರೆಂಟು ಬಿಲ್ಲಿನ ಭಯದಿಂದಲೋ, ಅಭ್ಯಾಸವಾಗಿಬಿಟ್ಟೀತೆಂಬ ತಪ್ಪು ಅಂಜಿಕೆಯಿಂದಲೋ, ಬಟ್ಟೆ ಹೊದಿಸಿ ಮೂಲೆಯಲ್ಲಿ ಇಟ್ಟಿರುತ್ತಾರೆ. ಆಸ್ಪತ್ರೆಯಲ್ಲಿ ಅತಿಯಾದುದು ಮನೆಯಲ್ಲಿ ಮಿತಿಗಿಂತ ಕಡಿಮೆಯಾಗುತ್ತದೆ. ಯಂತ್ರವನ್ನು ಮಾರಿದವನು ಇದನ್ನು ತಿಳಿಸುವುದಿಲ್ಲ, ಬರೆದುಕೊಟ್ಟ ವೈದ್ಯರಿಗೆ ವೇಳೆಯಿಲ್ಲ.

ಪ್ರೀತಿಯ ಇನ್ನೊಂದು ಅತಿರೇಕವು ರೋಗಿಯನ್ನು ಅಲುಗಾಡಗೊಡದಿರುವುದು. ಏಳಬೇಡಿ, ನಾವೇ ತರುತ್ತೇವೆ, ಬಚ್ಚಲಿಗೂ ಹೋಗಬೇಡಿ ಎಂದು ಮಂಚಕ್ಕೆ ಕಟ್ಟಿಹಾಕಿದಂತೆಲ್ಲ ಕಾಲಿನ ಮಾಂಸ ಕರಗಿ, ಮುಂಚೆ ಬೀದಿಯ ತುದಿಯವರೆಗೆ ನಡೆಯುತ್ತಿದ್ದವನು ಜಗಲಿಯವರೆಗೂ ನಡೆಯಲಾರದೆ ಹೋಗುತ್ತಾನೆ; ಬಳಸದೆ ಬಲಗುಂದಿದ ಸ್ನಾಯುಗಳು ಸ್ವಲ್ಪ ಕೆಲಸಕ್ಕೂ ಹೆಚ್ಚು ಉಸಿರನ್ನು ಬೇಡುತ್ತವೆ. ಕ್ರಮವಾದ ನಡಿಗೆ, ಕೈಕಾಲುಗಳ ವ್ಯಾಯಾಮ, ಉಸಿರಿನ ಅಭ್ಯಾಸ, ಇವುಗಳನ್ನೊಳಗೊಂಡ ಪುನಶ್ಚೇತನ ಕ್ರಮವು ಶ್ವಾಸಕೋಶವನ್ನು ಸರಿಪಡಿಸದಿದ್ದರೂ ಏದುಸಿರನ್ನು ತಗ್ಗಿಸುತ್ತದೆ, ನಡೆಯುವ ದೂರವನ್ನು ಹೆಚ್ಚಿಸುತ್ತದೆ. ಅದೇ ದಾದಿಯು, ಸ್ನಾನ ಮಾತ್ರ ಮಣೆಯ ಬದಲು ಎತ್ತರದ ಸ್ಟೂಲಿನ ಮೇಲೆ ಕುಳಿತು ಆಗಲಿ, ಬಗ್ಗುವಾಗ ಉಸಿರನ್ನು ಬಿಡುತ್ತ ಬಗ್ಗಿ, ಮೆಟ್ಟಿಲೇರುವಾಗ ಬಿಡುತ್ತ ಏರಿ ಎನ್ನುತ್ತಾಳೆ. ಎಲ್ಲಿ ದುಡಿಸಬೇಕು, ಎಲ್ಲಿ ಉಳಿಸಬೇಕು ಎಂಬ ಈ ತಾರತಮ್ಯವೇ ಅವಳ ಶಾಸ್ತ್ರ. ಊಟದಲ್ಲಿಯೂ ಹಾಗೆಯೇ: ಉಸಿರಾಟಕ್ಕೇ ಮೈಯ ಶಕ್ತಿ ಬಹಳವಾಗಿ ವ್ಯಯವಾಗುವುದರಿಂದ ಈ ರೋಗಿ ತೂಕ ಕಳೆದುಕೊಳ್ಳಬಾರದು; ಆದರೆ ದೊಡ್ಡ ಮುದ್ದೆಯನ್ನು ಒಂದೇ ಹೊತ್ತಿಗೆ ಉಂಡರೆ ತುಂಬಿದ ಹೊಟ್ಟೆ ವಪೆಯನ್ನು ಮೇಲಕ್ಕೆ ಒತ್ತುತ್ತದೆ. ಆದುದರಿಂದ ಸಣ್ಣ ಸಣ್ಣದಾಗಿ ಐದಾರು ಬಾರಿ, ಮೊಟ್ಟೆಯೋ ಬೇಳೆಯೋ ಹಾಲೋ ಸೇರಿದಂತೆ, ಉಣ್ಣುವ ಮೊದಲು ಸ್ವಲ್ಪ ವಿಶ್ರಾಂತಿ ಪಡೆದು.

ಇನ್‌ಹೇಲರಿನ ವಿಷಯವನ್ನು ಬಿಟ್ಟರೆ ಈ ಪ್ರಸಂಗ ಅಪೂರ್ಣ, ಏಕೆಂದರೆ ಔಷಧಪಕ್ಷದವರ ಮುಖ್ಯ ಸಾಕ್ಷಿ ಅದೇ. ಔಷಧವು ಕೆಲಸ ಮಾಡುವುದಿಲ್ಲವೆಂದು ಯಾರು ಹೇಳಿದರು? ನಾಳಗಳನ್ನು ಹಿಗ್ಗಿಸುವ ಆ ಮದ್ದುಗಳು ಕೋಟ್ಯಂತರ ಜನರ ಬಾಳನ್ನು ಸಹ್ಯಗೊಳಿಸಿವೆ. ಆದರೆ ಬಾಯಿಂದ ನುಂಗಿದರೆ ಮುಗಿಯುವ ಮಾತ್ರೆಯಂತಲ್ಲದೆ, ಸೇದುವ ಔಷಧವು ಸೇದುವವನ ಕೌಶಲವನ್ನು ಅವಲಂಬಿಸಿದೆ. ಅನಿಲದ ಪಂಪಿನದನ್ನು ಕುಲುಕಿ, ಉಸಿರನ್ನು ಪೂರ್ತಿ ಬಿಟ್ಟು, ಒತ್ತಿದೊಡನೆ ನಿಧಾನವಾಗಿ ಎಳೆಯಬೇಕು. ಪುಡಿಯ ರೋಟಾಹೇಲರಿನದನ್ನಾದರೋ ಜೋರಾಗಿ, ಆಳವಾಗಿ ಎಳೆಯಬೇಕು. ಎರಡರಲ್ಲಿಯೂ ಆ ಮೇಲೆ ಸುಮಾರು ಹತ್ತು ಎಣಿಸುವವರೆಗೆ ಉಸಿರನ್ನು ಹಿಡಿಯಬೇಕು. ಸ್ಟೀರಾಯಿಡ್ ಇದ್ದರೆ ಬಾಯಿ ಮುಕ್ಕಳಿಸಬೇಕು. ಎಳೆಯುವ ಬದಲು ಅದರೊಳಕ್ಕೆ ಊದುವವರಿದ್ದಾರೆ, ಕ್ಯಾಪ್ಸೂಲನ್ನು ನೀರಿನೊಡನೆ ನುಂಗುವವರಿದ್ದಾರೆ. ವರ್ಷಗಟ್ಟಲೆ ಹಣ ತೆತ್ತು ಔಷಧವನ್ನು ನಾಲಿಗೆಗೂ ಗಂಟಲಿಗೂ ಬಳಿದುಕೊಂಡವನು ಮತ್ತೆ ದಮ್ಮು ಕಟ್ಟಿ ಬಂದಾಗ, ಮದ್ದು ಹಿಡಿಯಲಿಲ್ಲವೆಂದು ಇನ್ನೂ ಬೆಲೆಯುಳ್ಳದ್ದನ್ನು ಬರೆದುಕೊಡಲಾಗುತ್ತದೆ. "ಎಲ್ಲಿ, ನನ್ನ ಎದುರಿಗೆ ಒಂದು ಸಲ ಎಳೆದು ತೋರಿಸಿ" ಎನ್ನುವವರೊಬ್ಬರು ಇದ್ದಿದ್ದರೆ ಆ ಚೀಟಿಯ ಅಗತ್ಯ ಎಷ್ಟೋ ಸಲ ಬೀಳುತ್ತಿರಲಿಲ್ಲ. ಔಷಧವನ್ನು ಔಷಧವಾಗಿಸುವುದೂ ಇಲ್ಲಿ ಶುಶ್ರೂಷೆಯ ಕೆಲಸವೇ.

ಬೀಡಿ ಸೇದಿ ತಂದುಕೊಂಡ ರೋಗಕ್ಕೆ ಇಷ್ಟೆಲ್ಲ ಏಕೆ ಎಂದು ಒಳಗೊಳಗೇ ಅಂದುಕೊಳ್ಳುವವರೂ ಉಂಟು. ಫ್ಲೆಚರ್ ಮತ್ತು ಪೀಟೊ ಎಂಬವರು 1977ರಲ್ಲಿ ತೋರಿಸಿಕೊಟ್ಟಂತೆ, ಧೂಮಪಾನವನ್ನು ಬಿಟ್ಟರೆ ಕಳೆದುಹೋದುದು ಮರಳದಿದ್ದರೂ ಮುಂದಿನ ಕುಸಿತದ ವೇಗವು ತಗ್ಗುತ್ತದೆ. ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭವುಂಟು. ಹಾಗಿರುವಾಗ ಬಿಡಿಸುವುದೇ ಚಿಕಿತ್ಸೆ, ಬೈಯುವುದಲ್ಲ. ಬೈಸಿಕೊಂಡವನು ಮುಂದಿನ ಸಲ ಸುಳ್ಳು ಹೇಳುವನೇ ಹೊರತು ಬೀಡಿ ಬಿಡುವುದಿಲ್ಲ. ಇನ್ನು ಬೀಡಿಯನ್ನು ಮುಟ್ಟದೆಯೇ ಒಲೆಯ ಹೊಗೆಯಿಂದ ಈ ರೋಗಕ್ಕೆ ತುತ್ತಾದ ಹೆಂಗಸರಿಗೆ ಯಾವ ತಪ್ಪನ್ನು ಹೊರಿಸೋಣ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹುಟ್ಟುಹಾಕಿದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ರೂಪಿಸಿದ ಒಲೆ ಹೊಗೆಯನ್ನು ಕೊಳವೆಯಿಂದ ಹೊರಕ್ಕೆ ಕಳುಹಿಸಲೆತ್ನಿಸಿತು. 2016ರ ಉಜ್ವಲಾ ಯೋಜನೆ ಗ್ಯಾಸನ್ನು ಮನೆಗೆ ತಂದಿತು. ಆದರೂ ಕಾಫಿಗೆ ಗ್ಯಾಸು, ಸ್ನಾನದ ನೀರಿಗೆ ಹಂಡೆಯ ಕೆಳಗೆ ಸೌದೆ ಎಂಬ ಏರ್ಪಾಡು ಇಂದಿಗೂ ಎಷ್ಟೋ ಹಳ್ಳಿಮನೆಗಳಲ್ಲಿ ಉಳಿದಿದೆ. ಆಸ್ಪತ್ರೆಯಿಂದ ಬಿಡುಗಡೆಯಾದ ಹೆಂಗಸು ಮರುದಿನ ಬೆಳಿಗ್ಗೆ ಕೂರುವುದು ಆ ಬಚ್ಚಲೊಲೆಯ ಮುಂದೆಯೇ. ಮನೆಗೆ ಹೋಗಿ ನೋಡುವವರಿಗಲ್ಲದೆ ಇದು ತಿಳಿಯುವ ಬಗೆ ಹೇಗೆ?

ರೋಗದ ಕೊನೆಯ ಘಟ್ಟದಲ್ಲಿ, ಕೊಳವೆ ಹಾಕಿ ಯಂತ್ರದ ಮೇಲಿಡುವುದೋ ಬೇಡವೋ ಎಂಬ ಪ್ರಶ್ನೆಯನ್ನು ಉಸಿರು ನಿಲ್ಲುವ ಗಳಿಗೆಯಲ್ಲಿ ಬಾಗಿಲ ಹೊರಗೆ ನಿಂತ ಮಗನ ಮೇಲೆ ಎತ್ತಿಹಾಕುವುದನ್ನು ನಾನು ಕ್ರೌರ್ಯವೆಂದೇ ಭಾವಿಸುತ್ತೇನೆ. ರೋಗಿ ಮಾತನಾಡಬಲ್ಲ ದಿನಗಳಲ್ಲಿಯೇ ಅವನನ್ನೇ ಕೇಳಿ ತಿಳಿಯಬಹುದಾದುದು ಅದು; ಅವನು ಮನಸ್ಸು ಬಿಚ್ಚುವುದು ಹೆಚ್ಚಾಗಿ ಡಾಕ್ಟರ ಸುತ್ತಿನಲ್ಲಲ್ಲ, ಬೆನ್ನು ಒರೆಸುವವರ ಮುಂದೆ. ಮುಖಕ್ಕೆ ಬೀಸುವ ತಂಪುಗಾಳಿ ಏದುಸಿರಿನ ಬಾಧೆಯನ್ನು ತಗ್ಗಿಸುತ್ತದೆಂಬುದು ಪರೀಕ್ಷೆಗೊಳಪಟ್ಟ ಸಂಗತಿ. ಆದುದರಿಂದ ಬೀಸಣಿಗೆ ಹಿಡಿದು ಕುಳಿತ ಹೆಂಡತಿಗೆ, ನೀವು ಮಾಡುತ್ತಿರುವುದೂ ಚಿಕಿತ್ಸೆಯೇ ಎಂದು ಹೇಳಿ ಅವಳ ಕೈಗೆ ಬಲ ಕೊಡುವುದು ಸುಳ್ಳು ಸಮಾಧಾನವಲ್ಲ.

ಇವೆಲ್ಲಕ್ಕೂ ದಾದಿಗೆ ಹೊತ್ತೆಲ್ಲಿದೆ ಎಂಬುದು ಕೊನೆಯ ಆಕ್ಷೇಪಣೆ, ಮತ್ತು ಅತ್ಯಂತ ಸಕಾರಣವಾದುದು. ರಾತ್ರಿಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬಳೇ ಇರುವಾಗ, ಡ್ರಿಪ್ಪು ಬದಲಿಸಿ, ರಿಜಿಸ್ಟರುಗಳನ್ನು ತುಂಬಿ, ಹೊಸದಾಗಿ ಬಂದವರನ್ನು ದಾಖಲುಮಾಡಿಕೊಳ್ಳುವವಳನ್ನು ಅಜ್ಜಿಯ ಎದುರು ಹತ್ತು ನಿಮಿಷ ಕುಳಿತು ಊದಿಸೆನ್ನುವುದು ಉಪದೇಶವಷ್ಟೇ ಆದೀತು. ಆದರೆ ಹೊತ್ತಿನ ಅಭಾವವೂ ಲೆಕ್ಕದ ಒಂದು ಫಲವೇ. ಖಾಸಗಿ ಆಸ್ಪತ್ರೆಯ ಬಿಲ್ಲಿನಲ್ಲಿ ನೆಬ್ಯುಲೈಸೇಷನ್ನಿಗೆ ಸಾಲುಂಟು, ಆಮ್ಲಜನಕಕ್ಕೆ ಗಂಟೆಯ ಲೆಕ್ಕದಲ್ಲಿ ಸಾಲುಂಟು, ಉಸಿರು ಬಿಡುವುದನ್ನು ಕಲಿಸಿದುದಕ್ಕೆ ಸಾಲಿಲ್ಲ. ಸರ್ಕಾರಿ ಆಸ್ಪತ್ರೆಯ ವರದಿಯಲ್ಲಿಯೂ ಅದಕ್ಕೊಂದು ಕಾಲಂ ಇರುವುದನ್ನು ನಾನು ಕಂಡಿಲ್ಲ. ಲೆಕ್ಕಕ್ಕೆ ಬಾರದ ಕೆಲಸಕ್ಕೆ ಹುದ್ದೆ ಮಂಜೂರಾಗುವುದಿಲ್ಲ. ಹುದ್ದೆಯಿಲ್ಲದ ಕೆಲಸವನ್ನು ಯಾರಾದರೂ ಮಾಡಿದರೆ ಅದು ಅವರ ಔದಾರ್ಯ.

ಹಳ್ಳಿಯ ಉಪಕೇಂದ್ರಗಳಲ್ಲಿ ಈಗ ಸಮುದಾಯ ಆರೋಗ್ಯ ಅಧಿಕಾರಿಗಳೆಂದು ನೇಮಕವಾಗಿರುವವರು ಬಹುತೇಕ ನರ್ಸಿಂಗ್ ಓದಿದವರು. ಬಿ.ಪಿ., ಶುಗರ್ ನೋಡುವುದು ಅವರ ನಿತ್ಯದ ಕೆಲಸಗಳಲ್ಲಿ ಸೇರಿದೆ. ಆಶಾ ಕಾರ್ಯಕರ್ತೆಯರ ಮೂಲಕ ಬಚ್ಚಲೊಲೆಯವರೆಗೂ ಅವರ ಕೈ ಚಾಚುತ್ತದೆ. ಅವರ ಮೇಜಿನ ಮೇಲೆ ಔಷಧವಿಲ್ಲದ ಒಂದು ಅಭ್ಯಾಸದ ಇನ್‌ಹೇಲರನ್ನು ಇಟ್ಟು, ಬಂದ ಪ್ರತಿಯೊಬ್ಬ ದಮ್ಮಿನ ರೋಗಿಯೂ ಎಳೆದು ತೋರಿಸದೆ ಮಾತ್ರೆ ಪಡೆಯಕೂಡದೆಂದು ಮಾಡುವುದಕ್ಕೆ ಆಗುವ ಖರ್ಚು ಒಂದು ಜಂಬೋ ಸಿಲಿಂಡರಿನ ಬಾಡಿಗೆಗೂ ಸಮವಾಗದು. ಆಸ್ಪತ್ರೆಯ ಬಿಡುಗಡೆಯ ಚೀಟಿಯಲ್ಲಿ ಗುಳಿಗೆಗಳ ಹೆಸರುಗಳ ಕೆಳಗೆ, ತುಟಿಯುಸಿರು ಕಲಿತರು, ಇನ್‌ಹೇಲರ್ ಸರಿಯಾಗಿ ಎಳೆದು ತೋರಿಸಿದರು, ಮನೆಯ ಒಲೆಯ ವಿಷಯ ವಿಚಾರಿಸಲಾಯಿತು ಎಂದು ಮೂರು ಸಾಲುಗಳನ್ನು ಸೇರಿಸಿ, ಆ ಮೂರರ ಕೆಳಗೆ ಕಲಿಸಿದ ದಾದಿಯ ಸಹಿಯನ್ನೇ ಪಡೆಯುವುದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ. ವಾರ್ಡಿನ ಮುಖ್ಯಸ್ಥರ ಒಂದು ಆದೇಶ ಸಾಕು.